ಜೋಗಪ್ಪನೂ ಅಲ್ಲ, ಜಡ್ಡೂ ಅಲ್ಲ

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಹಳ್ಳಿಗಳಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಡುವ ಟ್ರ್ಯಾಕ್ಟರು, ಟೆಂಪೊಗಳಿಗೆ ಲೆಕ್ಕವಿರುವುದಿಲ್ಲ. ಕೊಲ್ಹಾಪುರ, ಸಾಂಗಲಿ ಕಡೆಯ ಭಕ್ತರೂ ನಿಪ್ಪಾಣಿ, ಕಾಗವಾಡ ಹಾದು ಬಂದು ಇದೇ ಹಾದಿ ಸೇರುತ್ತಾರೆ. ಹಣೆ ತುಂಬ ಭಂಡಾರ, ಉಧೋ ಉಧೋ ಎನ್ನುವ ಕೂಗು, ಚೌಡಿಕೆಯ ಸಪ್ಪಳ. ಆ ಗುಂಪಿನಲ್ಲಿ ಸೀರೆ ಉಟ್ಟು, ಹೂ ಮುಡಿದು, ದೇವಿಯ ಕೊಡ ಹೊತ್ತ ಜೋಗಪ್ಪನವರೂ ಇರುತ್ತಾರೆ. ಮಂಗಳವಾರ, ಶುಕ್ರವಾರ ಅವರು ಮನೆ ಬಾಗಿಲಿಗೆ ಬಂದರೆ ಮನೆಯ ಹೆಣ್ಣುಮಕ್ಕಳು ಮೊರದಲ್ಲಿ ಜೋಳ ತಂದು ನೀಡಿ ಕಾಲಿಗೆ ಬೀಳುತ್ತಾರೆ.

ಗಂಡು, ಹೆಣ್ಣು ಎಂಬ ರೂಢಿಯ ಲೆಕ್ಕಕ್ಕೆ ಸಿಗದ ಗಂಡಸು ಎಂದರೆ ಈ ಸೀಮೆಯ ಜನರ ಕಣ್ಣ ಮುಂದೆ ಬರುವುದು ಇದೊಂದೇ ರೂಪ. ಕೈ ಮುಗಿಯುವುದೂ ಈ ರೂಪಕ್ಕೆ, ಸಂತೆಯಲ್ಲಿ ಅಣಕಿಸುವುದೂ ಈ ರೂಪವನ್ನೇ. ಹೀಗಾಗಿ ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಟ್ರ್ಯಾಕ್ಟರ್ ಹೊಡೆಯುವ, ಗರಡಿಮನೆಯಲ್ಲಿ ಮೈ ಹುರಿಮಾಡಿಕೊಂಡ, ಮೀಸೆ ತಿರುವಿದ ಹುಡುಗನೊಬ್ಬ ಇನ್ನೊಬ್ಬ ಹುಡುಗನನ್ನು ಪ್ರೀತಿಸುತ್ತಿರಬಹುದು ಎಂಬುದು ಇಲ್ಲಿ ಯಾರ ಊಹೆಗೂ ಬರುವುದಿಲ್ಲ. ಆ ಹುಡುಗನಿಗೂ ತಾನು ಯಾರು ಎಂದು ಹೇಳಿಕೊಳ್ಳಲು ಊರಿನ ಮಾತಿನಲ್ಲಿ ಒಂದು ಹೆಸರು ಸಿಗುವುದಿಲ್ಲ. ಸಿಗುವುದು ಬೈಗುಳ ಮಾತ್ರ: ಕನ್ನಡದಲ್ಲಿ ‘ಹೆಣ್ಣಿಗ’, ಮರಾಠಿಯಲ್ಲಿ ‘ಬಾಯಲ್ಯಾ’. ಗಡಿಯ ಎರಡೂ ಭಾಷೆಗಳು ಈ ವಿಷಯದಲ್ಲಿ ಒಂದೇ ತಪ್ಪು ಮಾಡುತ್ತವೆ. ಗಂಡಸನ್ನು ಪ್ರೀತಿಸುವ ಗಂಡಸು ಎಂದರೆ ಹೆಣ್ಣಿನಂಥವನು ಎಂದು ಮೊದಲೇ ತೀರ್ಮಾನಿಸಿಬಿಡುತ್ತವೆ.

ಸಲಿಂಗಿಗಳ ಬಗ್ಗೆ ಲೋಕದಲ್ಲಿ ಅನೇಕ ತಪ್ಪು ನಂಬಿಕೆಗಳಿವೆ. ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಈ ಐದು ತಾಲ್ಲೂಕುಗಳ ಮಟ್ಟಿಗೆ ಅವುಗಳ ತಾಯಿಬೇರು ಇದು. ಆದ್ದರಿಂದ ಇದನ್ನೇ ಮೊದಲು ಬಿಡಿಸಬೇಕು.

ತಾನು ಗಂಡೋ ಹೆಣ್ಣೋ ಎಂದು ಒಬ್ಬರು ಒಳಗೆ ಅನುಭವಿಸುವುದು ಒಂದು ಸಂಗತಿ. ತನ್ನ ಮನಸ್ಸು ಯಾರತ್ತ ಹೋಗುತ್ತದೆ ಎಂಬುದು ಬೇರೆಯೇ ಸಂಗತಿ. ಜೋಗಪ್ಪನವರದು ಹೆಚ್ಚಾಗಿ ಮೊದಲನೆಯದು, ಅದಕ್ಕೆ ಯಲ್ಲಮ್ಮನ ಭಕ್ತಿಯ ನಂಟು. ದೇವಿ ಕಾಡಿದಳು, ಮೈಮೇಲೆ ಬಂದಳು, ಆದ್ದರಿಂದ ಸೀರೆ ಉಡಬೇಕಾಯಿತು ಎಂದು ಅವರು ಹೇಳುತ್ತಾರೆ. ಹಿಜ್ರಾ ಸಮುದಾಯದ ನಿರ್ವಾಣ ಎಂಬ ಅಂಗಛೇದನದ ವಿಧಿ ಇವರಲ್ಲಿ ಸಾಮಾನ್ಯವಾಗಿ ಇಲ್ಲ. ಮಾನವಶಾಸ್ತ್ರಜ್ಞ ನಿಕೊಲಸ್ ಬ್ರಾಡ್‌ಫರ್ಡ್ 1983ರಲ್ಲೇ ಯಲ್ಲಮ್ಮನ ಪಂಥದ ಈ ಲಿಂಗಪಲ್ಲಟದ ಬಗ್ಗೆ ಪ್ರಬಂಧ ಬರೆದಿದ್ದರು. ಇದೇ ಪರಂಪರೆಯ, ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರು. ಇಡೀ ದೇಶ ಅದನ್ನು ನೋಡಿತು. ಆದರೆ ಮಂಜಮ್ಮ ತಮ್ಮನ್ನು ಹೆಣ್ಣೆಂದು ಬಗೆದವರು. ಸಲಿಂಗಿ ಗಂಡಸು ಹಾಗಲ್ಲ. ಅವನಿಗೆ ತಾನು ಗಂಡಸೆಂಬುದರಲ್ಲಿ ಯಾವ ಅನುಮಾನವೂ ಇರುವುದಿಲ್ಲ, ಅವನ ಮನಸ್ಸು ಒಲಿಯುವುದು ಗಂಡಸಿಗೆ, ಅಷ್ಟೆ.

ಈ ವ್ಯತ್ಯಾಸವನ್ನು ಒಂದು ಚಿತ್ರ ಬಹಳ ಚೆನ್ನಾಗಿ ತೋರಿಸಿಕೊಟ್ಟಿದೆ. ನಿಪ್ಪಾಣಿಯ ಪಕ್ಕದ ಗಡಿಂಗ್ಲಜ ಸೀಮೆಯ ಲೇಖಕ ರಾಜನ್ ಗವಸ್ ಅವರ ಕಾದಂಬರಿಗಳನ್ನು ಆಧರಿಸಿ 2009ರಲ್ಲಿ ‘ಜೋಗವಾ’ ಎಂಬ ಮರಾಠಿ ಚಿತ್ರ ಬಂತು. ಅದರಲ್ಲಿ ತಾಯಪ್ಪ ಎಂಬ ಯುವಕನಿಗೆ ಬಂದ ಜಡ್ಡನ್ನು ಮನೆಯವರು ದೇವಿಯ ಕರೆ ಎಂದು ತಿಳಿದು ಅವನಿಗೆ ಒತ್ತಾಯದಿಂದ ಸೀರೆ ಉಡಿಸುತ್ತಾರೆ. ಸೀರೆ ಉಟ್ಟ ಮಾತ್ರಕ್ಕೆ ಅವನ ಮನಸ್ಸು ಬದಲಾಗುವುದಿಲ್ಲ. ತನ್ನಂತೆಯೇ ದೇವಿಗೆ ಬಿಟ್ಟ ಒಬ್ಬ ಹುಡುಗಿಯನ್ನು ಅವನು ಪ್ರೀತಿಸುತ್ತಾನೆ. ತಾಯಪ್ಪನ ಪಾತ್ರಕ್ಕೆ ಉಪೇಂದ್ರ ಲಿಮಯೆ ಅವರಿಗೆ ಅತ್ಯುತ್ತಮ ನಟನೆಂಬ ರಾಷ್ಟ್ರಪ್ರಶಸ್ತಿ ಬಂತು. ಸೀರೆ ಉಟ್ಟವನು ಹೆಣ್ಣನ್ನು ಪ್ರೀತಿಸಬಲ್ಲನಾದರೆ, ಲಂಗೋಟಿ ಬಿಗಿದು ಕುಸ್ತಿಗೆ ಇಳಿದವನು ಗಂಡನ್ನು ಪ್ರೀತಿಸುವುದರಲ್ಲಿ ಆಶ್ಚರ್ಯವೇನಿದೆ? ಉಡುಪು, ನಡಿಗೆ, ದನಿ ಇವು ಯಾವುವೂ ಒಲವಿನ ಗುರುತಲ್ಲ. ನಡೆನುಡಿಯಲ್ಲಿ ಮೆದುವಾದ ಸಲಿಂಗಿಗಳಿದ್ದಾರೆ, ಹಾಗೆಯೇ ಮೆದುವಾದ ಹುಡುಗರಲ್ಲಿ ಹುಡುಗಿಯರನ್ನು ಪ್ರೀತಿಸುವವರು ಎಷ್ಟೋ ಮಂದಿ ಇದ್ದಾರೆ. ಶಾಲೆಯಲ್ಲಿ ‘ಹೆಣ್ಣಿಗ’ ಎನಿಸಿಕೊಂಡು ಕುಗ್ಗಿದ ಮಕ್ಕಳಲ್ಲಿ ಇಬ್ಬರೂ ಇರುತ್ತಾರೆ.

ಎರಡನೆಯ ಮಾತು ಜಡ್ಡಿನದು. ದೊಡ್ಡ ಜಡ್ಡು ಬಂದರೆ ‘ಮಿರಜಿಗೆ ಕರಕೊಂಡ ಹೋಗ್ರಿ’ ಎನ್ನುವ ಸೀಮೆ ಇದು. ಮಗ ಹುಡುಗಿಯರ ಮಾತೇ ಎತ್ತುವುದಿಲ್ಲ ಎಂದು ತಿಳಿದಾಗಲೂ ಮೊದಲು ದೇವರು, ಆಮೇಲೆ ನಾಟಿ ಔಷಧ, ಕೊನೆಗೆ ಡಾಕ್ಟರು ಎಂಬ ಅದೇ ಹಾದಿ ಹಿಡಿಯುತ್ತಾರೆ. ಇದು ಕಾಯಿಲೆಯೇ ಎಂಬ ಪ್ರಶ್ನೆಯನ್ನು ವೈದ್ಯಲೋಕ ಬಹಳ ಹಿಂದೆಯೇ ಕೇಳಿ ಉತ್ತರ ಕಂಡುಕೊಂಡಿದೆ. 1957ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್ ಮೂವತ್ತು ಸಲಿಂಗಿ ಗಂಡಸರು ಮತ್ತು ಮೂವತ್ತು ಇತರ ಗಂಡಸರಿಗೆ ಒಂದೇ ಬಗೆಯ ಮನೋಪರೀಕ್ಷೆಗಳನ್ನು ಮಾಡಿದರು. ಹೆಸರು, ಗುರುತು ತೆಗೆದು ಆ ಫಲಿತಾಂಶಗಳನ್ನು ಪರಿಣತರ ಮುಂದಿಟ್ಟರು. ಯಾರು ಸಲಿಂಗಿ, ಯಾರು ಅಲ್ಲ ಎಂದು ಪರಿಣತರಿಗೆ ಬೇರ್ಪಡಿಸಲು ಆಗಲಿಲ್ಲ. ಎರಡೂ ಗುಂಪಿನ ಮನಸ್ಸು ಅಷ್ಟೇ ಆರೋಗ್ಯವಾಗಿತ್ತು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. 1990ರ ಮೇ 17ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆಯೇ ಮಾಡಿತು. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ರೋಗವಲ್ಲ ಎಂದು ಬಹಿರಂಗವಾಗಿ ಹೇಳಿತು.

ರೋಗವಲ್ಲದ್ದಕ್ಕೆ ಮದ್ದು ಕೊಡಲು ಬರುವುದಿಲ್ಲ. ಆದರೂ ‘ಬದಲಾಯಿಸಿಕೊಡುತ್ತೇವೆ’ ಎಂದು ಕರೆಂಟ್ ಶಾಕ್, ಹಾರ್ಮೋನು ಇಂಜೆಕ್ಷನ್, ಸಂಮೋಹನ ಎಂದೆಲ್ಲ ದುಡ್ಡು ಕೀಳುವವರು ಇದ್ದರು, ಇದ್ದಾರೆ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ‘ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆ ಎಂದು ಸಾರಿತು. ತಂದೆತಾಯಿ ಇದನ್ನು ಮುಖ್ಯವಾಗಿ ತಿಳಿದಿರಬೇಕು: ಮಗನನ್ನು ಬದಲಾಯಿಸುತ್ತೇನೆ ಎನ್ನುವ ಡಾಕ್ಟರು ತನ್ನ ವೃತ್ತಿಯ ನಿಯಮವನ್ನೇ ಮುರಿಯುತ್ತಿದ್ದಾನೆ. ಡಾಕ್ಟರುಗಳಲ್ಲೂ ಈ ತಿಳಿವಳಿಕೆ ಪೂರ್ತಿ ಬೇರೂರಿಲ್ಲ ಎಂಬುದಕ್ಕೆ ಉದಾಹರಣೆ ಇದೇ ಆಯೋಗದ್ದು. 2024ರಲ್ಲಿ ಎಂಬಿಬಿಎಸ್ ಪಠ್ಯಕ್ರಮದೊಳಗೆ ಸಲಿಂಗ ಸಂಬಂಧವನ್ನು ಮತ್ತೆ ಅಸಹಜ ಅಪರಾಧಗಳ ಸಾಲಿಗೆ ಸೇರಿಸಿ, ಟೀಕೆ ಎದ್ದ ಮೇಲೆ ಆಯೋಗ ಅದನ್ನು ಹಿಂತೆಗೆದುಕೊಂಡಿತು.

ಓದಿದವರಲ್ಲೂ ತಪ್ಪು ತಿಳಿವಳಿಕೆ ಇರುತ್ತದೆ, ಅದನ್ನು ಒಪ್ಪಿಕೊಂಡು ತಿದ್ದಿಕೊಳ್ಳಲೂ ಬರುತ್ತದೆ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಮಾಡಿದ್ದು ಅದನ್ನೇ. ಮದುರೈಯಿಂದ ಚೆನ್ನೈಗೆ ಓಡಿಬಂದಿದ್ದ ಇಬ್ಬರು ಯುವತಿಯರ ಪ್ರಕರಣ 2021ರಲ್ಲಿ ಅವರ ಮುಂದೆ ಬಂತು. ಈ ವಿಷಯದಲ್ಲಿ ತಮಗೇ ಸರಿಯಾದ ಅರಿವಿಲ್ಲ ಎಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ಮನಶ್ಶಾಸ್ತ್ರಜ್ಞರೊಬ್ಬರ ಎದುರು ಕುಳಿತು ಪಾಠ ಕೇಳಿದರು. ಆ ಮೇಲೆ ಕೊಟ್ಟ ಆದೇಶದಲ್ಲಿ ಯುವತಿಯರಿಗೆ ರಕ್ಷಣೆ ಕೊಟ್ಟರು, ಬದಲಾಯಿಸುವ ‘ಚಿಕಿತ್ಸೆ’ಯನ್ನು ನಿಷೇಧಿಸಿದರು. ವೈದ್ಯಕೀಯ ಆಯೋಗ ಆಮೇಲೆ ಹೊರಡಿಸಿದ ಆದೇಶಕ್ಕೂ ಈ ಪ್ರಕರಣವೇ ಕಾರಣ.

ಹಾಗಾದರೆ ಈ ಒಲವು ಏಕೆ ಬರುತ್ತದೆ? ತಾಯಿ ಮುದ್ದು ಮಾಡಿದ್ದಕ್ಕೆ, ತಂದೆ ಮಿಲಿಟರಿಯಲ್ಲಿದ್ದದ್ದಕ್ಕೆ, ಹಾಸ್ಟೆಲ್ಲಿನಲ್ಲಿ ಬಿಟ್ಟದ್ದಕ್ಕೆ, ಮೊಬೈಲಿಗೆ, ಹೀಗೆ ಮನೆಯವರು ತಮಗೆ ತೋಚಿದ್ದಕ್ಕೆ ತಪ್ಪು ಹೊರಿಸುತ್ತಾರೆ. ಹೆಚ್ಚಾಗಿ ಆ ತಪ್ಪು ತಾಯಿಯ ತಲೆಗೇ ಬರುತ್ತದೆ. 2019ರಲ್ಲಿ ಸುಮಾರು ನಾಲ್ಕೂ ಮುಕ್ಕಾಲು ಲಕ್ಷ ಜನರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ಸಲಿಂಗ ಒಲವಿಗೆ ಕಾರಣವಾದ ಒಂದೇ ಒಂದು ಜೀನ್ ಇಲ್ಲ, ಹಲವು ಸಣ್ಣ ಸಣ್ಣ ಅಂಶಗಳು ಕೂಡಿ ಕೆಲಸ ಮಾಡುತ್ತವೆ ಎಂದು ಕಂಡುಕೊಂಡಿತು. ಸಾಕಿದ ರೀತಿಯಿಂದ ಒಲವು ತಿರುಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಒಂದೇ ಒಲೆಯ ರೊಟ್ಟಿ ತಿಂದು ಬೆಳೆದ ಅಣ್ಣತಮ್ಮಂದಿರಲ್ಲಿ ಒಬ್ಬ ಸಲಿಂಗಿಯಾಗಿದ್ದರೂ ಇನ್ನೊಬ್ಬ ಹಾಗಿಲ್ಲದಿರುವುದೇ ಹೆಚ್ಚು.

ಈಗ ಎಲ್ಲಕ್ಕಿಂತ ಹೆಚ್ಚು ನೋವು ತರುವ ನಂಬಿಕೆ. ‘ಮದಿವಿ ಮಾಡಿದ್ರ ಎಲ್ಲಾ ಸರಿ ಆಗ್ತೈತಿ.’

ಈ ಮಾತು ಹೇಳುವವರಲ್ಲಿ ಕೆಟ್ಟ ಮನಸ್ಸಿನವರು ಕಡಿಮೆ. ಸೋದರಮಾವ, ಊರಿನ ಗೌಡರು, ಓಣಿಯ ಆಯಿ ಎಲ್ಲರೂ ಕಳಕಳಿಯಿಂದಲೇ ಹೇಳುತ್ತಾರೆ. ಆದರೆ ಈ ಸೀಮೆಯಲ್ಲಿ ಮದುವೆ ಎಂದರೆ ಇಬ್ಬರ ಮದುವೆಯಲ್ಲ. ಅಕ್ಕನ ಮಗಳನ್ನೇ ತಂದುಕೊಳ್ಳುವ, ಅತ್ತೆಯ ಮಗಳಿಗೆ ಮೊದಲು ಕೇಳುವ ರೂಢಿ ಇನ್ನೂ ಇದೆ. ಒಂದು ಸಂಬಂಧ ಮುರಿದರೆ ತವರೂ ಮುರಿಯುತ್ತದೆ, ಅಕ್ಕತಮ್ಮಂದಿರ ಮಾತೂ ನಿಲ್ಲುತ್ತದೆ. ಹೊಲದ ಬದುವಿನವರೆಗೂ ಆ ಬಿರುಕು ಹೋಗುತ್ತದೆ. ಹುಡುಗ ಒಲ್ಲೆ ಎನ್ನಲಾರ, ಒಲ್ಲೆ ಎಂದರೆ ಕಾರಣ ಹೇಳಬೇಕು. ಮದುವೆಯಾಗುತ್ತದೆ. ಹಾಸಿಗೆಯಲ್ಲಿ ಮೌನ. ವರ್ಷ ಎರಡಾದರೂ ಮಕ್ಕಳಾಗದಿದ್ದರೆ ‘ಬಂಜೆ’ ಎನಿಸಿಕೊಳ್ಳುವವಳು ಅವಳು. ಮಿರಜಿನಲ್ಲಿ ಪರೀಕ್ಷೆಗೆ ಕೂಡುವವಳು ಅವಳು, ಯಡೂರಿನ ವೀರಭದ್ರನಿಗೂ ಚಿಂಚಲಿಯ ಮಾಯಕ್ಕನಿಗೂ ಹರಕೆ ಹೊರುವವಳೂ ಅವಳೇ. ತನ್ನಲ್ಲೇ ಏನೋ ಕೊರತೆ ಇದೆ ಎಂದು ಅವಳು ಬದುಕಿಡೀ ನಂಬಿಕೊಂಡು ಕೊರಗುತ್ತಾಳೆ. ಮಕ್ಕಳಾದ ಮನೆಗಳೂ ಇವೆ. ಮಕ್ಕಳಾದ ಮಾತ್ರಕ್ಕೆ ಗಂಡನ ಒಲವು ಬದಲಾಗಿದೆ ಎಂದು ಹೇಳಲು ಬರುವುದಿಲ್ಲ. ಸಲಿಂಗಿಗಳ ಬಗೆಗಿನ ತಪ್ಪು ತಿಳಿವಳಿಕೆಯ ದಂಡವನ್ನು ತೆರುವವರಲ್ಲಿ ಈ ಹೆಣ್ಣುಮಕ್ಕಳನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಗುಜರಾತಿನ ರಾಜಪಿಪ್ಳಾ ಅರಸುಮನೆತನದ ಮಾನವೇಂದ್ರಸಿಂಹ ಗೋಹಿಲ್ 1991ರಲ್ಲಿ ಹೀಗೆಯೇ ಮದುವೆಯಾದವರು. ಮರುವರ್ಷ ಆ ಮದುವೆ ಮುರಿಯಿತು. 2006ರಲ್ಲಿ ತಾನು ಸಲಿಂಗಿ ಎಂದು ಅವರು ಪತ್ರಿಕೆಗೆ ಹೇಳಿದಾಗ ಊರಿನವರು ಅವರ ಪ್ರತಿಕೃತಿ ಸುಟ್ಟರು, ಮನೆಯವರು ಮಗನೇ ಅಲ್ಲ ಎಂದರು. ತಮ್ಮ ಮದುವೆಯಿಂದ ಒಬ್ಬ ನಿರಪರಾಧಿ ಹೆಣ್ಣಿನ ಬದುಕು ಕೆಟ್ಟಿತು ಎಂದು ಗೋಹಿಲ್ ಆಮೇಲೆ ಹಲವು ಕಡೆ ಹೇಳಿಕೊಂಡಿದ್ದಾರೆ. ಅರಮನೆಯಲ್ಲಿ ಆಗದ ‘ಸರಿಹೋಗುವಿಕೆ’ ತೋಟದ ಮನೆಯಲ್ಲೂ ಆಗುವುದಿಲ್ಲ.

‘ಇದೆಲ್ಲಾ ಬೆಂಗಳೂರು, ಮುಂಬಯಿ ಮಂದಿ ಚಟ, ಇಂಗ್ಲಿಷ್ ಕಲಿತವರ ಖಯಾಲಿ’ ಎನ್ನುವವರು ದ್ಯುತಿ ಚಂದ್ ಅವರನ್ನು ನೆನೆಯಬೇಕು. ಒಡಿಶಾದ ಜಾಜ್‌ಪುರ ಜಿಲ್ಲೆಯ ಹಳ್ಳಿಯಲ್ಲಿ ಬಡ ನೇಕಾರರ ಮನೆಯಲ್ಲಿ ಹುಟ್ಟಿದ ಓಟಗಾರ್ತಿ ಆಕೆ. ತನ್ನ ಊರಿನ ಹುಡುಗಿಯೊಬ್ಬಳನ್ನು ಪ್ರೀತಿಸುತ್ತಿದ್ದೇನೆ ಎಂದು 2019ರಲ್ಲಿ ದೇಶದೆದುರು ಹೇಳಿದರು. ಕನ್ನಡದ ಕತೆಗಾರ ವಸುಧೇಂದ್ರ ಹುಟ್ಟಿದ್ದು ಗಣಿಯೂರು ಸಂಡೂರಿನಲ್ಲಿ. 2013ರಲ್ಲಿ ಬಂದ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಕನ್ನಡದ ಸಾಮಾನ್ಯ ಓದುಗರ ಮುಂದೆ ಸಲಿಂಗಿಯೊಬ್ಬನ ಬದುಕನ್ನು ಮರೆಮಾಚದೆ ಇಟ್ಟಿತು. ಅದರ ಜೊತೆಗೇ ಲೇಖಕರು ತಮ್ಮ ಒಲವನ್ನೂ ಬಹಿರಂಗಪಡಿಸಿದರು. ನಗರದಲ್ಲಿ ಸಲಿಂಗಿಗಳು ಹೆಚ್ಚಾಗಿ ಕಾಣುವುದಕ್ಕೆ ಕಾರಣ ಸರಳವಾಗಿದೆ. ಹಳ್ಳಿಯಲ್ಲಿ ಉಸಿರು ಕಟ್ಟಿದವರು ನಗರಕ್ಕೆ ಹೋಗುತ್ತಾರೆ. ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆಂದು ಹೋಗಿ ಹಬ್ಬಕ್ಕೂ ಬಾರದ ಹುಡುಗರೆಲ್ಲ ಸಂಬಳ ಅರಸಿಯೇ ಹೋದವರೆಂದು ಹೇಳಲಾಗದು.

ಎಷ್ಟು ಮಂದಿ ಇದ್ದಾರೆ? 2012ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ದೇಶದಲ್ಲಿ ಸುಮಾರು 25 ಲಕ್ಷ ಸಲಿಂಗಿಗಳಿದ್ದಾರೆ ಎಂದು ಹೇಳಿತ್ತು. ಅಂಜದೆ ಉತ್ತರ ಕೊಡಬಹುದಾದ ಕಡೆ ಪ್ರಮಾಣ ಇದಕ್ಕಿಂತ ಬಹಳ ದೊಡ್ಡದಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ 2021ರ ಜನಗಣತಿಯಲ್ಲಿ ಮೊದಲ ಸಲ ಈ ಪ್ರಶ್ನೆ ಕೇಳಿದಾಗ, ದೊಡ್ಡವರಲ್ಲಿ ನೂರಕ್ಕೆ ಮೂವರು ತಾವು ಸಲಿಂಗಿ, ದ್ವಿಲಿಂಗಿ ಅಥವಾ ಅಂಥ ಬೇರೆ ಒಲವಿನವರು ಎಂದು ಬರೆದರು.

ಇಂಗ್ಲೆಂಡಿನ ಮಾತು ಬಂದ ಕೂಡಲೇ ‘ಇದು ಫಾರಿನ್ನಿಂದ ಬಂದದ್ದು’ ಎನ್ನುವವರು ಎದ್ದು ನಿಲ್ಲುತ್ತಾರೆ. ಅಲ್ಲಿಂದ ಬಂದದ್ದು ನಿಷೇಧ. ವಾತ್ಸ್ಯಾಯನನ ಕಾಮಸೂತ್ರ ಗಂಡಸರ ನಡುವಿನ ಸಂಬಂಧದ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡುತ್ತದೆ. ಅದನ್ನು ಅಪರಾಧ ಮಾಡಿದ್ದು 1860ರಲ್ಲಿ ಬ್ರಿಟಿಷರು ರೂಪಿಸಿದ ದಂಡಸಂಹಿತೆಯ 377ನೆಯ ಕಲಮು. ಲಂಡನ್ನಿನ ಸಂಸತ್ತು 1967ರಲ್ಲೇ ಅಲ್ಲಿನ ಕಾನೂನನ್ನು ಸಡಿಲಿಸಿತು. ಅವರು ಬಿಟ್ಟುಹೋದ ಕಲಮನ್ನು ನಾವು 2018ರವರೆಗೆ ಕಾಪಾಡಿಕೊಂಡು ಬಂದೆವು. ದೆಹಲಿ ಹೈಕೋರ್ಟು 2009ರಲ್ಲಿ ಅದನ್ನು ಸಡಿಲಿಸಿದರೂ ಸುಪ್ರೀಂ ಕೋರ್ಟು 2013ರಲ್ಲಿ ಮತ್ತೆ ಜೀವ ಕೊಟ್ಟಿತು. ಗಂಟು ಬಿಚ್ಚಲು ನೆರವಾದವರು ಒಬ್ಬ ಕನ್ನಡಿಗ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂತು. ಆ ತೀರ್ಪು ಒಲವೂ ಖಾಸಗಿತನದ ತಿರುಳು ಎಂದಿತು. ಮರುವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ಒಪ್ಪಿಗೆಯುಳ್ಳ ವಯಸ್ಕರ ಸಂಬಂಧ ಅಪರಾಧವಲ್ಲ ಎಂದರು.

ಸಲಿಂಗಿಗಳು ಮಕ್ಕಳನ್ನು ಕೆಡಿಸುತ್ತಾರೆ ಎಂಬ ಆರೋಪ ಅತ್ಯಂತ ಕ್ರೂರವಾದದ್ದು. ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ಕಿರುಕುಳ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಮಕ್ಕಳಿಗೆ ಗೊತ್ತಿದ್ದವರು, ಅವರ ನಂಬಿಕೆಗೆ ಪಾತ್ರರಾದವರು. ಮಗುವನ್ನು ಹಿಂಸಿಸುವುದು ಅಪರಾಧ, ಅದಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ, ಗಂಡು ಮಗುವಿಗೂ ಹೆಣ್ಣು ಮಗುವಿಗೂ ಅದು ಒಂದೇ. ವಯಸ್ಸಿಗೆ ಬಂದ ಇಬ್ಬರು ಪ್ರೀತಿಸುವುದನ್ನು ಇದರ ಜೊತೆಗೆ ಗಂಟು ಹಾಕಿದರೆ, ಮಗುವಿನ ಮನೆಯೊಳಗೇ ಇರುವ ಅಪರಾಧಿಯ ಕಡೆಗೆ ಕಣ್ಣು ಹೋಗುವುದೇ ಇಲ್ಲ.

ಎಚ್‌ಐವಿಯ ಮಾತೂ ಹೀಗೆಯೇ. 2000ರ ದಶಕದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಸೋಂಕು ಹೆಚ್ಚಿದ್ದ ಜಿಲ್ಲೆಗಳಾಗಿದ್ದವು. ಹೆದ್ದಾರಿಯ ನಿಪ್ಪಾಣಿ ಆ ದಿನಗಳನ್ನು ಮರೆತಿಲ್ಲ. ಭಾರತದಲ್ಲಿ ಸೋಂಕು ಹೆಚ್ಚಾಗಿ ಹರಡಿದ್ದು ಗಂಡು ಹೆಣ್ಣಿನ ನಡುವಿನ ಅಸುರಕ್ಷಿತ ಸಂಬಂಧದಿಂದ. ಗಂಡಸರ ನಡುವಿನ ಅಸುರಕ್ಷಿತ ಸಂಬಂಧದಲ್ಲಿ ಅಪಾಯ ಹೆಚ್ಚು ಎಂಬುದೂ ನಿಜ. ಕಾಂಡೋಮ್ ಮತ್ತು ಪರೀಕ್ಷೆಯಿಂದ ಆ ಅಪಾಯ ತಗ್ಗುತ್ತದೆ. ಮರೆಯಲ್ಲಿ, ಅವಸರದಲ್ಲಿ, ಅಂಜಿಕೆಯಲ್ಲಿ ಇರಬೇಕಾದವನಿಗೆ ಇವೆರಡೂ ದೂರವಾಗುತ್ತವೆ. ಸಾಂಗಲಿಯಲ್ಲಿ 1992ರಿಂದ ಕೆಲಸ ಮಾಡುತ್ತಿರುವ ‘ಸಂಗ್ರಾಮ್’ ಸಂಸ್ಥೆ ಇದನ್ನು ಬಹಳ ಮೊದಲೇ ಅರಿತು, ಬೈಯದೆ, ನಾಚಿಸದೆ ಜನರ ಬಳಿ ಹೋಗುವ ದಾರಿ ಹಿಡಿಯಿತು. 1097ಕ್ಕೆ ಫೋನ್ ಮಾಡಿದರೆ ಹೆಸರು ಹೇಳದೆಯೇ ಎಚ್‌ಐವಿ ಬಗ್ಗೆ ಮಾಹಿತಿ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧ ಎರಡಕ್ಕೂ ದುಡ್ಡಿಲ್ಲ. ಮನಸ್ಸಿನ ಭಾರಕ್ಕೆ ಟೆಲಿ ಮಾನಸ್‌ನ 14416 ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹೆಣ್ಣನ್ನೇ ಪ್ರೀತಿಸುವ ಹೆಣ್ಣುಮಕ್ಕಳ ಮಾತು ಎಲ್ಲಿಯೂ ಬರುವುದಿಲ್ಲ ಎಂಬುದೇ ಅವರ ಕಷ್ಟ. ಇಬ್ಬರು ಗೆಳತಿಯರು ಒಂದೇ ಕೌದಿಯಲ್ಲಿ ಮಲಗಿದರೆ ಯಾರಿಗೂ ಏನೂ ಅನಿಸುವುದಿಲ್ಲ. ಒಬ್ಬಳಿಗೆ ವರ ಗೊತ್ತಾದಾಗ ಇಬ್ಬರೂ ಊರು ಬಿಟ್ಟರೆ ಮಾತ್ರ ಠಾಣೆಯಲ್ಲಿ ‘ಮಗಳು ಕಾಣೆ’ ಎಂಬ ದೂರು ದಾಖಲಾಗುತ್ತದೆ. ಪೊಲೀಸರು ಹುಡುಕಿ ತಂದು ತವರಿಗೆ ಒಪ್ಪಿಸುತ್ತಾರೆ. ವಯಸ್ಸಿಗೆ ಬಂದ ಹೆಣ್ಣಿನ ಇಚ್ಛೆಯನ್ನು ಅವಳೊಬ್ಬಳನ್ನೇ ಕೂರಿಸಿ ಕೇಳಬೇಕು, ಕೌನ್ಸೆಲಿಂಗ್ ಹೆಸರಿನಲ್ಲಿ ಅವಳ ಮನಸ್ಸು ತಿರುಗಿಸಬಾರದು ಎಂದು ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲಿ ನ್ಯಾಯಾಲಯಗಳಿಗೆ ತಿಳಿಸಿಹೇಳಬೇಕಾಯಿತು.

ಕಾನೂನು ಇನ್ನೂ ಅರ್ಧ ದಾರಿಯಲ್ಲಿದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ, ಅದು ಸಂಸತ್ತಿನ ಕೆಲಸ ಎಂದಿತು. ದಿನದಿನದ ಅಡಚಣೆಗಳನ್ನು ನೋಡಲು ಸರ್ಕಾರ ಒಂದು ಸಮಿತಿ ಮಾಡಿತು. 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಇಂಥ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಬಹುದು ಎಂದು ಸ್ಪಷ್ಟಪಡಿಸಿತು. ರೇಷನ್ ಕಾರ್ಡಿನ ಮಟ್ಟಿಗೆ ಇಬ್ಬರನ್ನೂ ಒಂದೇ ಕುಟುಂಬವೆಂದು ಎಣಿಸಬೇಕು ಎಂದು ಆಹಾರ ಇಲಾಖೆ ರಾಜ್ಯಗಳಿಗೆ ಬರೆಯಿತು. ಒಬ್ಬರು ತೀರಿಕೊಂಡು ಹತ್ತಿರದ ಬಂಧುಗಳು ಬಾರದೆ ಹೋದರೆ ಶವವನ್ನು ಸಂಗಾತಿಗೆ ಕೊಡಬೇಕು ಎಂದು ಆರೋಗ್ಯ ಸಚಿವಾಲಯ ತಿಳಿಸಿತು. ರಾಯಬಾಗದ ಬ್ಯಾಂಕಿನ ಕೌಂಟರಿನಲ್ಲಿ, ಕಾಗವಾಡದ ತಹಶೀಲ್ದಾರ್ ಕಚೇರಿಯಲ್ಲಿ ಇಬ್ಬರು ಗಂಡಸರು ಅರ್ಜಿ ಹಿಡಿದು ನಿಂತರೆ, ಕಿಟಕಿಯ ಆಚೆ ಕುಳಿತವರು ಈ ಸುತ್ತೋಲೆಗಳನ್ನು ಓದಿರಬೇಕು. ‘ನಿಮಗೂ ಇವರಿಗೂ ಏನ ಸಂಬಂಧರೀ?’ ಎಂದು ಅವರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಲು ಆ ಇಬ್ಬರಿಗೆ ಧೈರ್ಯ ಬೇಕು.